ರೌಸ್ ಹಿಲ್‌ನ ಬೇಲಿ ತೆಗೆಯುವ ಸಲುವಾಗಿ ಏರ್ಪಟ್ಟಿದ್ದ ನಿಶ್ಚಿತಾರ್ಥದ ಬಗ್ಗೆ

ಸಂಖ್ಯೆ: ಮನೆತನ/ಬೇಲಿ/2007
ಸ್ಥಳ: ಇಲಾಖೆಯ ಗ್ಯಾರೇಜು, ರೌಸ್ ಹಿಲ್, ಸಿಡ್ನಿ

ವಿಷಯ: ಫ್ರೆಂಚ್ ಪದ್ಧತಿಯ ವಿವಾಹ ಮೈತ್ರಿಯ ನಿಯಮಗಳು ಮತ್ತು ಅವುಗಳಿಗೆ ಒದಗಿದ ಗತಿ.

ಉಲ್ಲೇಖ: 1. ಸಂಚಾಲಕ ಕಮಲಾಕ್ಷರ ಹಿಂದಿನ ಆದೇಶ. 2. ಶ್ರೀಮತಿ ತುಂಗಾ ಅವರ ಒಂದು ಪ್ರಶ್ನೆ.

ಪ್ರಸ್ತಾವನೆ:

ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ಓದುತ್ತಿರುವ ತೃಷಾ, ಮಧ್ಯಯುಗದ ಫ್ರಾನ್ಸಿನ ಬ್ಲುವಾ ಎಂಬ ಕೌಂಟಿಯ, ಅಂದರೆ ಸಣ್ಣ ಸಂಸ್ಥಾನದ, ದೊಡ್ಡ ಮನೆತನಗಳು ಮದುವೆ ಮಾಡಿ ಮಾಡಿ ಕೋಟೆ ಕೂಡಿಸಿಕೊಂಡ ಬಗೆಯನ್ನು ಕುರಿತು ಥೀಸಿಸ್ ಬರೆಯುತ್ತಿರುತ್ತಾಳೆ. ರಜೆಗೆ ಬಂದವಳು ಅದರ ಒಂದು ಅಧ್ಯಾಯವನ್ನು ಸೋದರಮಾವ ಕಮಲಾಕ್ಷರ ಊಟದ ಮೇಜಿನ ಮೇಲೆ ಮರೆತು ಹೋಗಿರುತ್ತಾಳೆ. ಮಕ್ಕಳಿಲ್ಲದ ಕಮಲಾಕ್ಷರು ಸ್ನಾನ ಮಾಡಿ, ದೀಪ ಹಚ್ಚಿ, ಪಾರಾಯಣಕ್ಕೆ ಕುಳಿತವರಂತೆ ಅದನ್ನು ಓದಿ ತಲೆಯೆತ್ತಲಾಗಿ, ಬೇಲಿಯಾಚೆ ತುಂಗಾ ಅವರ ಮಗ ಧನರಾಜ್ ಹುಲ್ಲು ಕತ್ತರಿಸುತ್ತಿರುವುದು ಕಂಡುಬಂದಿರುತ್ತದೆ. ತಮ್ಮ ಮನೆ ಹೇಗೂ ತಂಗಿಯ ಮಗಳಿಗೆ. ಅವಳನ್ನು ಧನರಾಜನಿಗೆ ಕೊಟ್ಟರೆ ನಡುವಿನ ತಗಡಿನ ಬೇಲಿ ಬಿದ್ದು ಎರಡು ಹಿತ್ತಿಲು ಒಂದೇ ಸಂಸ್ಥಾನವಾಗುವುದೆಂದು ಅವರ ಎದೆ ತುಂಬಿ ಬಂದಿರುತ್ತದೆ. ಅಂದೇ ಅವರು ತಮ್ಮ ಗ್ಯಾರೇಜಿನಲ್ಲಿ, ತಾವೇ ಸಂಚಾಲಕರಾಗಿ, ಈ ಇಲಾಖೆಯನ್ನು ಸ್ಥಾಪಿಸಿ, ತೃಷಾ ಓದು ಬಿಟ್ಟು ಸಿಡ್ನಿಗೆ ಬರತಕ್ಕದ್ದೆಂದೂ ಭಾನುವಾರ ನಿಶ್ಚಿತಾರ್ಥವೆಂದೂ ಆದೇಶಿಸಿರುತ್ತಾರೆ. ಆದೇಶದ ಮುಖ್ಯಾಂಶಗಳು ಹೀಗಿವೆ:

1. ಎರಡು ಕಾರಿನ ಗ್ಯಾರೇಜು ಉಳ್ಳವರನ್ನು ದೊರೆಗಳೆಂದೂ, ಕಾರಿಗೆ ಬರೀ ತಗಡಿನ ಮಾಡು ಇಳಿಸಿಕೊಂಡವರನ್ನು ಸಾಮಂತರೆಂದೂ ಪರಿಗಣಿಸತಕ್ಕದ್ದು. ಬಾರ್ಬೆಕ್ಯೂ ಸಂದರ್ಭದಲ್ಲಿ ಸಾಮಂತರು ಹೊಗೆ ಬರುವ ಕಡೆ ನಿಲ್ಲತಕ್ಕದ್ದು.

2. ಬ್ಲುವಾದ ಕಾಲದಲ್ಲಿ ತೊಟ್ಟಿಲ ಕೂಸುಗಳಿಗೂ ಸಂಬಂಧ ಗೊತ್ತುಪಡಿಸುತ್ತಿದ್ದುದರಿಂದ, ಶಾಪಿಂಗ್ ಸೆಂಟರಿನಲ್ಲಿ ಕೂಸು ತಳ್ಳುವ ಎರಡು ಪ್ರಾಮ್‌ಗಳು ಎದುರಾದಲ್ಲಿ ತಂದೆಯರು ಕೂಡಲೇ ಮಾತುಕತೆ ಆರಂಭಿಸತಕ್ಕದ್ದು. ಕೂಸು ಅತ್ತರೆ ಒಪ್ಪಿಗೆಯೆಂದೂ, ಅಳದಿದ್ದರೆ ಮೌನಸಮ್ಮತಿಯೆಂದೂ ಭಾವಿಸಲಾಗುವುದು.

3. ಹುಡುಗಿಯ ಅಭಿಪ್ರಾಯವನ್ನು ನಿಶ್ಚಿತಾರ್ಥದ ನಂತರ, ಸಮಯವಿದ್ದಲ್ಲಿ, ಕೇಳಲಾಗುವುದು. ತೃಷಾ ಫೋನಿನಲ್ಲಿ, "ಮಾವ, ಪ್ಲೀಸ್. ಅದು ಥೀಸಿಸ್, ರೂಲ್ ಬುಕ್ ಅಲ್ಲ. ನಾನ್ ಬರಲ್ಲ" ಎಂದಿರುವುದನ್ನೂ, ಸಂಚಾಲಕರು "ಆಯ್ತು ಮಗಾ, ಟಿಕೆಟ್ ಬುಕ್ ಮಾಡಿದ್ದೇನೆ" ಎಂದು ಉತ್ತರಿಸಿರುವುದನ್ನೂ ಗಮನಿಸಲಾಗಿದೆ.

4. ಫ್ರೆಂಚ್ ದೊರೆಗಳ ವಂಶವು ತಂದೆಯಿಂದ ಮಗನಿಗೆ ಇಳಿಯುವುದರಿಂದ, ಮಾತುಕತೆಗೆ ತಂದೆಯರನ್ನು ಮಾತ್ರ ಕರೆಯತಕ್ಕದ್ದು. ತಾಯಂದಿರು ನೀರುದೋಸೆಯ ಉಸ್ತುವಾರಿ ವಹಿಸತಕ್ಕದ್ದು.

ನಡೆದ ಸಂಗತಿ:

ಭಾನುವಾರ ತೃಷಾ ಮುಖ ಊದಿಸಿಕೊಂಡು ಬಂದು ಕುಳಿತಿರುತ್ತಾಳೆ. ಧನರಾಜ್ ತನ್ನ ಬೂಟಿನ ತುದಿ ನೋಡುತ್ತಿರುತ್ತಾನೆ. ಸಂಚಾಲಕರು ಉಂಗುರದ ತಟ್ಟೆ ಎತ್ತುವ ಹೊತ್ತಿಗೆ ತುಂಗಾ ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು, "ಕಮಲಾಕ್ಷಣ್ಣ, ಬರಿ ಕೇಳಿದ್ರಾ ಮಾರಾಯ್ರೆ?" ಎಂದು ವಿಚಾರಿಸಿರುತ್ತಾರೆ.

ಬರಿ ಎಂದರೆ ಈ ಎರಡೂ ಮನೆಯವರಂಥ ತುಳುವರಿಗೆ ತಾಯಿಯಿಂದ ಬರುವ ಕುಲ. ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ಇಷ್ಟು ತಿಳಿಯಲು ಯಾರೂ ಕ್ಲೇಟನ್ನಿಗೆ ಹೋಗಬೇಕಿಲ್ಲ.

"ಅವನ ಅಪ್ಪನ ಏಳು ತಲೆಮಾರು ಬರೆಸಿಕೊಂಡಿದ್ದೇನೆ" ಎಂದು ಸಂಚಾಲಕರು ತಿಳಿಸಿರುತ್ತಾರೆ.

"ಅಪ್ಪನದ್ದು ಎಂತಕ್ಕೆ? ನಾನು ಯಾವ ಬರಿ?"

ಸಂಚಾಲಕರು ಆಗ ತಾಯಂದಿರ ಕಡೆಯಿಂದ ಲೆಕ್ಕ ಹಾಕಿರುತ್ತಾರೆ. ತುಂಗಾ ಅವರದು ತಮ್ಮದೇ ಬರಿ, ಅದೇ ಧನರಾಜನಿಗೆ. ತಮ್ಮ ಬರಿಯೇ ತಂಗಿಗೆ, ತಂಗಿಯದೇ ತೃಷಾಳಿಗೆ. ಬೇಲಿಯೊಂದರ ಆಸೆಗೆ ಅಣ್ಣನಿಗೂ ತಂಗಿಗೂ ಉಂಗುರ ತೊಡಿಸಲು ಹೊರಟಿದ್ದು ಅವರಿಗೆ ತಟ್ಟೆ ಹಿಡಿದು ನಿಂತಲ್ಲೇ ಅರಿವಾಗಿರುತ್ತದೆ. "ನೀವು ಮೊದಲೇ ಹೇಳಬಾರದಿತ್ತಾ?" ಎಂದು ಅವರು ಕೇಳಲಾಗಿ, "ನನ್ನನ್ನು ದೋಸೆಗೆ ಅಲ್ವಾ ಕರೆದದ್ದು?" ಎಂದು ಉತ್ತರ ಬಂದಿರುತ್ತದೆ.

"ಆ ಚಾಪ್ಟರ್ ಪೂರ್ತಿ ಓದಿದ್ರಾ, ಮಾವ? ಗಂಡ ಯುದ್ಧಕ್ಕೆ ಹೋದಾಗ ಕೌಂಟಿ ಆಳಿದ್ದು ಕೌಂಟೆಸ್, ಅವನ ಹೆಂಡತಿ" ಎಂದು ತೃಷಾ ಮೊದಲ ಬಾರಿಗೆ ನಗುತ್ತ ಹೇಳಿದ್ದು ಸಭೆಗೆ ಕೇಳಿಸಿರುತ್ತದೆ. ಸಂಚಾಲಕರು ಓದಿರುವುದು ಅರ್ಧ ಮಾತ್ರವೆಂದು ದೃಢಪಟ್ಟಿದೆ.

ಆದೇಶ:

5. ಮೇಲ್ಕಂಡ ನಿಯಮಗಳೆಲ್ಲವನ್ನೂ ಹಿಂಪಡೆಯಲಾಗಿದೆ. ಹೊಗೆಯಲ್ಲಿ ನಿಂತಿರುವ ಸಾಮಂತರು ಈಚೆ ಬರಬಹುದು.

6. ತಾಯಿಯ ಹೆಸರಲ್ಲಿ ಬದುಕುವ ಕುಲದವರು ತಾಯಂದಿರನ್ನೇ ಒಲೆಯ ಮುಂದೆ ಕೂರಿಸಿ ವಂಶದ ಮಾತಾಡುವುದನ್ನು ದೇವರೂ ದೈವಗಳೂ ನೋಡುತ್ತಿರುವುದರಿಂದ, ನಾಚಿಕೆಪಡಲು ಸಂಬಂಧಪಟ್ಟ ಎಲ್ಲರಿಗೂ ಅನುಮತಿ ನೀಡಲಾಗಿದೆ.

7. ಶ್ರೀ ಕಮಲಾಕ್ಷರು ಇನ್ನು ಮುಂದೆ ತೃಷಾಳ ಮದುವೆಯ ಮಾತನ್ನು ತೃಷಾಳನ್ನೇ ಮೊದಲು ಕೇಳತಕ್ಕದ್ದು. ಅವಳು ಉತ್ತರಿಸುವವರೆಗೆ ಸುಮ್ಮನಿರತಕ್ಕದ್ದು.

ಸಹಿ/-
ತುಂಗಾ
ಪ್ರಭಾರ ಸಂಚಾಲಕಿ
(ಕಮಲಾಕ್ಷರು ತಲೆನೋವಿನ ರಜೆಯಲ್ಲಿರುವುದರಿಂದ)

ಪ್ರತಿಗಳು:
1. ಶ್ರೀ ಕಮಲಾಕ್ಷ: ತಲೆನೋವು ಇಳಿದ ಮೇಲೆ ಓದಿಕೊಳ್ಳಲು.
2. ಶ್ರೀ ಧನರಾಜ್: ತಂಗಿಯನ್ನು ಏರ್‌ಪೋರ್ಟಿಗೆ ಬಿಟ್ಟು ಬರಲು.
3. ಕುಮಾರಿ ತೃಷಾ, ಕ್ಲೇಟನ್: ಥೀಸಿಸ್ ಮುಗಿಸಲು. ಈ ಪತ್ರಕ್ಕೆ ಉತ್ತರಿಸುವ ಅಗತ್ಯವಿಲ್ಲ.