ಕಾಕಾನ ಎರಡು ಸ್ಪೀಡಿನ ಫ್ಯಾನು

ನಮ್ಮ ಕಾಕಾ ಮದುವೆಯಾದದ್ದು ಚಿಗವ್ವನನ್ನೇ ಆದರೂ ಸಂಸಾರ ಮಾಡಿದ್ದು ಮಾತ್ರ ಕಾರಿನ ಫ್ಯಾನಿನ ಜೊತೆ! ಹೀಗೆಂದರೆ ಅವರು ಸಿಟ್ಟಾಗುವುದಿಲ್ಲ. "ಯಾವ ಸ್ಪೀಡಿನ್ಯಾಗ?" ಎಂದು ಕೇಳುತ್ತಾರೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಹಿರೇಕೆರೂರಿನಲ್ಲಿ ಗೋವಿನಜೋಳದ ವ್ಯಾಪಾರ. ಕಾರು ಹೆಚ್ಚೂಕಡಿಮೆ ನನ್ನ ವಯಸ್ಸಿನದು, ಬಿಸಿಲು ಕಂಡರೆ ಇಂಜಿನ್ ಕುದಿಯುತ್ತಿತ್ತು. ಬೇರೆಯವರಾದರೆ ಮಾರಿ ಕೈ ತೊಳೆದುಕೊಳ್ಳುತ್ತಿದ್ದರು. ಕಾಕಾ ಹುಬ್ಬಳ್ಳಿಯ ಗುಜರಿಯಿಂದ ಎರಡು ಸ್ಪೀಡಿನ ಕರೆಂಟಿನ ಫ್ಯಾನು ತಂದರು. ಇಂಜಿನ್ ತುಸು ಬಿಸಿಯಾದರೆ ಮೆಲ್ಲಗೆ, ಬಹಳ ಬಿಸಿಯಾದರೆ ಜೋರಾಗಿ ತಿರುಗಿ ರೇಡಿಯೇಟರನ್ನು ತಣ್ಣಗಿಡುವ ಫ್ಯಾನು. ವೈರಿಂಗ್ ತಾವೇ ಮಾಡುತ್ತೇನೆಂದು ಕೂತರು. ತಡೆಯುವವರು ಯಾರು?

ಮೊದಲ ದಿನವೇ ಪ್ಲಸ್ಸು ಮೈನಸ್ಸು ಅದಲುಬದಲಾಗಿ ಫ್ಯಾನು ಉಲ್ಟಾ ತಿರುಗಿತು. ಒಳಗೆ ಎಳೆಯಬೇಕಾದ ಗಾಳಿಯನ್ನು ಹೊರಗೆ ಊದಿತು. ಅಂದು ಸಂತೆ. ಕಾರಿನ ಮುಂದೆ ಬೆಳ್ಳುಳ್ಳಿ ಹರಡಿಕೊಂಡಿದ್ದ ಅಜ್ಜಿಯ ರಾಶಿಯಿಂದ ಸಿಪ್ಪೆಯೆಲ್ಲ ಎದ್ದು ಹಾರಿತು. ಇನ್ನು ಬೈಗುಳ ಖಾತ್ರಿ ಎಂದು ಕಾಕಾ ಕೈಮುಗಿದು ಇಳಿದರೆ, ಅಜ್ಜಿ, "ಛಲೋ ತೂರಿಕೊಟ್ಟಿ ನೋಡಪಾ. ವಾರಾ ವಾರಾ ಬಾ" ಎಂದಳು.

ಮುಂದಿನದು ಸವಣೂರಿನ ಮದುವೆ. ಈ ಸಲ ಫ್ಯಾನಿನ ವೈರನ್ನು ನೇರ ಬ್ಯಾಟರಿಗೇ ಕಟ್ಟಿದ್ದರು. ಕೀಲಿ ತೆಗೆದು ಕಿಸೆಗೆ ಹಾಕಿಕೊಂಡರೂ ಫ್ಯಾನು ನಿಲ್ಲಲೊಲ್ಲದು. ಬೀಗರು ಕಾರಿನ ಸುತ್ತ ನೆರೆದರು.

"ಕೀಲಿ ನಿಮ್ಮ ಕಿಸೇದಾಗೈತಿ. ಗಾಡಿ ಯಾಕ ಉಸುರು ಬಿಡಾಕತ್ತೈತ್ರಿ?"

"ದಣದೈತ್ರಿ, ಅದಕ್ಕ" ಎಂದರು ಕಾಕಾ, ಮುಖ ಚೂರೂ ಅಲುಗದೆ.

ಊಟ ಮುಗಿಯುವಷ್ಟರಲ್ಲಿ ಬ್ಯಾಟರಿಯ ಉಸಿರೇ ನಿಂತಿತ್ತು. ರೇಷ್ಮೆ ಅಂಗಿಯವರೆಲ್ಲ ಸೇರಿ ಕಾರು ನೂಕಿದರು. ಬಾಸಿಂಗ ಕಟ್ಟಿಕೊಂಡೇ ಮದುಮಗನೂ ಒಂದು ಕೈ ಹಚ್ಚಿದ.

ಅದಾದ ಮೇಲೆ ಕಾಕಾ ಮುಂದಿನ ಸೀಟಿನೆದುರು ಒಂದು ಸ್ವಿಚ್ಚು ಕೂರಿಸಿ, ಅದನ್ನು ಚಿಗವ್ವನಿಗೆ ಒಪ್ಪಿಸಿದರು. ಬಿಸಿ ತೋರಿಸುವ ಮುಳ್ಳು ಅರ್ಧಕ್ಕೆ ಬಂದರೆ ಒಂದು, ಇನ್ನೂ ಏರಿದರೆ ಎರಡು. ತಾನಾಗಿಯೇ ಚಾಲೂ ಆಗುವ ಸ್ವಿಚ್ಚು ಸಿಗುತ್ತದಲ್ಲ ಎಂದು ನಾನು ಹೇಳಿದರೆ, "ಯಂತ್ರದ ಮ್ಯಾಲ ಭರವಸೆ ಇಡಬಾರದು. ನಿಮ್ಮ ಚಿಗವ್ವನಂಥಾ ಸ್ವಿಚ್ ಯಾ ಕಂಪನಿನೂ ಕೊಡಂಗಿಲ್ಲ" ಎಂದರು. ಅವಳು ಹಿಗ್ಗಿದಳು. ಬಾಯಿ ತುಂಬ ಊರ ಸುದ್ದಿ, ಕೈ ಸ್ವಿಚ್ಚಿನ ಮೇಲೆ, ಕಣ್ಣು ಮುಳ್ಳಿನ ಮೇಲೆ. "ಒಂದು" ಎಂದು ಕೂಗಿ ಒತ್ತುವಳು, ಮತ್ತೆ ಬಿಟ್ಟಲ್ಲಿಂದ ಸುದ್ದಿ ಹಿಡಿಯುವಳು. ಎಷ್ಟೋ ವರ್ಷ ಕಾರು ಹಾಗೆಯೇ ಓಡಿತು.

ಒಂದು ಬೇಸಿಗೆಯಲ್ಲಿ ಶಿಗ್ಗಾವಿಯಿಂದ ಹುಲಗೂರಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ನಾನು ತೂಕಡಿಸುತ್ತಿದ್ದೆ. ಚಹಾದಂಗಡಿಯೊಂದರ ಎದುರು ಬಾನೆಟ್ಟಿನಿಂದ ಭುಸ್ಸೆಂದು ಹಬೆ ಎದ್ದಿತು. ಕಾಕಾನ ಪಿತ್ತ ನೆತ್ತಿಗೇರಿತು.

"ಮುಳ್ಳು ಕೆಂಪಿಗೆ ಹತ್ತೂತನಕ ಏನ್ ಮಾಡಾಕತ್ತಿದ್ದಿ? ಕಾಣಲಿಲ್ಲೇನು?"

"ಕಾಣಲಿಲ್ರಿ" ಎಂದಳು ಚಿಗವ್ವ.

ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದುರುತ್ತರ ಅಂದರೆ ಹೀಗಿರಬೇಕು ಎಂದು ನಾನೂ ನಕ್ಕೆ. ಅವಳು ಸುಮ್ಮನೆ ಸೆರಗಿನಿಂದ ಮುಖ ಒರೆಸಿಕೊಂಡಳು.

ಅದೇ ವಾರ ಕಾಕಾ ತಾವಾಗಿಯೇ ಆಟೋಮ್ಯಾಟಿಕ್ ಸ್ವಿಚ್ಚು ತಂದು ಹಚ್ಚಿದರು. ಆಶ್ಚರ್ಯವೆಂದರೆ, ಜೀವಮಾನದಲ್ಲಿ ಮೊದಲ ಸಲ ಅವರ ವೈರಿಂಗ್ ಸರಿಯಾಗಿತ್ತು. ಫ್ಯಾನು ಹೊತ್ತಿಗೆ ಸರಿಯಾಗಿ ಒಂದಕ್ಕೆ, ಎರಡಕ್ಕೆ ತಾನೇ ಹೋಗುತ್ತಿತ್ತು. ಕಾಕಾ ಬೀಗಿದ್ದೇ ಬೀಗಿದ್ದು. ಚಿಗವ್ವ ಹಿಂದಿನ ಸೀಟಿಗೆ ಸರಿದಳು. ಆಮೇಲೆ, "ಬಂದು ಏನ್ ಮಾಡ್ಲಿ? ಅಲ್ಲಿ ನನಗೇನ್ ಕೆಲಸೈತಿ?" ಎಂದು ಮನೆಯಲ್ಲೇ ಉಳಿದಳು. ಕಾಕಾ ಅದನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಈ ವರ್ಷ ನಾನು ಹೋದಾಗ ಚಿಗವ್ವ ಚಹಾ ಸುರಿದದ್ದು ಕಪ್ಪಿಗಲ್ಲ, ಅದರ ಕೆಳಗಿನ ಬಸಿಗೂ ಅಲ್ಲ, ನೆಲಕ್ಕೆ. ಹುಬ್ಬಳ್ಳಿಗೆ ಕರೆದೊಯ್ದೆವು. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ಡಾಕ್ಟರು. "ಶುರುವಾದಾಗಲೇ ಬಂದಿದ್ದರೆ ಉಳಿಸಬಹುದಿತ್ತು. ಕಾಣಿಸುವುದಿಲ್ಲ ಅಂತ ಇವರು ಯಾರಿಗೂ ಹೇಳಲಿಲ್ಲವೇ?"

ಕಾಕಾ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಹೇಳಿದ್ಲೋ ತಮ್ಮಾ. ಕಾಣಲಿಲ್ರಿ ಅಂತ ಬಾಯಿಬಿಟ್ಟು ನನಗ ಹೇಳಿದ್ಲು." ಇಂಜಿನ್ ಸಣ್ಣಗೆ ಕೆಮ್ಮಿದರೂ ಕಾರು ನಿಲ್ಲಿಸಿ ಬಾನೆಟ್ಟು ಎತ್ತುವ ಮನುಷ್ಯ ಅವರು. ಪಕ್ಕದಲ್ಲಿ ಕೂತವಳ ಮಾತು ಕೇಳಿಸಿರಲಿಲ್ಲ.

ಮೊನ್ನೆ ಮತ್ತೆ ಆಸ್ಪತ್ರೆಗೆ ಹೊರಡಲು ಬೆಳಿಗ್ಗೆಯೇ ಕಾಕಾನ ಮನೆಗೆ ಹೋದೆ. ಕಾರಿನಲ್ಲಿ ಹಳೆಯ ಸ್ವಿಚ್ಚು ತನ್ನ ಜಾಗಕ್ಕೆ ಬಂದಿತ್ತು, ಚಿಗವ್ವ ಅದರ ಮುಂದೆ ಕೂತಿದ್ದಳು.

"ಆಟೋಮ್ಯಾಟಿಕ್ ಕೆಟ್ಟೈತೇನ್ರಿ ಕಾಕಾ?"

"ಕೆಟ್ಟಿಲ್ಲ. ತಗದೇನಿ" ಎಂದರು.

ಊರ ಕೊನೆಯ ಮನೆ ಇನ್ನೂ ದಾಟಿರಲಿಲ್ಲ. ಹಿಂದಿನಿಂದ ಬಗ್ಗಿ ನೋಡಿದೆ. ತಂಪು ಹೊತ್ತು, ಮುಳ್ಳು ತಳ ಬಿಟ್ಟು ಎದ್ದಿರಲಿಲ್ಲ.

"ಮುಳ್ಳು ಅರ್ಧಕ್ಕ ಬಂತು ನೋಡು" ಎಂದರು ಕಾಕಾ.

ಚಿಗವ್ವ ಕೈಯಾಡಿಸಿ ಸ್ವಿಚ್ಚು ಹುಡುಕಿದಳು. "ಒಂದು" ಎಂದು ಒತ್ತಿದಳು. ಫ್ಯಾನು ಮೆಲ್ಲಗೆ ಶುರುವಾಯಿತು.

"ತಡಾ ಆಗ್ಲಿಲ್ಲಲ್ರಿ?"

"ನೀ ತಡಾ ಮಾಡ್ಲಿಲ್ಲ" ಎಂದರು ಕಾಕಾ. "ತಡಾ ಮಾಡಿದಾಂವ ನಾನು." ಅವರ ದನಿ ಒಡೆದಿತ್ತು, ಕಾರು ರಸ್ತೆಯ ಅಂಚಿಗೆ ಸರಿಯಿತು.

"ಅಳೂದು ಆಮ್ಯಾಲ" ಎಂದಳು ಚಿಗವ್ವ, ಸ್ವಿಚ್ಚಿನಿಂದ ಕೈ ತೆಗೆಯದೆ. "ಮದಲ ರಸ್ತಾ ನೋಡ್ರಿ."