ಹಿಂದಿರೋದೆಲ್ಲ ಬ್ಲರ್

ಬೈಸಿಕೊಳ್ಳದೆ ದಿನ ಕಳೆಯಬೇಕು ಅನ್ನುವವರು ಫೋಟೋ ತೆಗೆಯುವ ಕೆಲಸಕ್ಕೆ ಬರಲೇಬಾರದು. ತಮ್ಮ ಮುಖದ ವಿಷಯದಲ್ಲಿ ಎಲ್ಲರೂ ಪಂಡಿತರೇ, ಹಾಗಾಗಿ ನನಗೆ ದಿನಕ್ಕೊಂದು ಪಾಠ ಗ್ಯಾರಂಟಿ.

ಹಲಸೂರಿನಲ್ಲಿ ಅಪ್ಪ ಇಟ್ಟ ಸ್ಟುಡಿಯೋ ನನ್ನ ಕೈಗೆ ಬರುವ ಹೊತ್ತಿಗೆ ಎಲ್ಲರ ಜೇಬಿಗೂ ಕ್ಯಾಮೆರಾ ಬಂದಿತ್ತು. ಇನ್ನು ಬಾಗಿಲು ಹಾಕುವುದೊಂದೇ ಬಾಕಿ. ಕೊನೆಯ ಪ್ರಯತ್ನ ಅಂತ ಹೊಸ ಲೆನ್ಸ್ ತಂದೆ. ಮುಖ ಮಾತ್ರ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಮೆಟ್ಟಿಲು, ಹೂಕುಂಡ ಬರೆದಿದ್ದ ಅಪ್ಪನ ಕಾಲದ ಪರದೆಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ನನಗೆ ಕೋಪ ಮೂಗಿನ ತುದಿಯಲ್ಲಿ. ಅದಕ್ಕೇ ಹೆಂಡತಿ ಒಂದು ಮಾತು ಕಲಿಸಿ ಕಳಿಸಿದ್ದಳು: “ಯಾರೇನೇ ಅಂದ್ರೂ ಮೊದ್ಲು ‘ತುಂಬಾ ಉಪಕಾರ ಆಯ್ತು’ ಅನ್ನಿ. ಜಗಳ ಆಮೇಲೆ ಆಡಿ.”

೧. ಮನೆ ಎಲ್ಲಿ?

ಮೊದಲ ಕರೆ ಕೆ.ಆರ್. ಪುರದ ಒಂದು ಗೃಹಪ್ರವೇಶಕ್ಕೆ. ಗಂಡ-ಹೆಂಡತಿ ಇಬ್ಬರನ್ನೂ ಹೊಸ ಮನೆಯ ಮುಂದೆ ನಿಲ್ಲಿಸಿ ಮನಸ್ಸಿಟ್ಟು ತೆಗೆದೆ. ಆಕೆಯ ಮೂಗುಬೊಟ್ಟಿನ ಹರಳು ಕೂಡ ಮಿನುಗುತ್ತಿತ್ತು. ಯಜಮಾನರು ಕ್ಯಾಮೆರಾ ಕೈಗೆ ತೆಗೆದುಕೊಂಡು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

“ಮನೆ ಎಲ್ರೀ?”

“ಹಿಂದೆ ಬ್ಲರ್ ಆಗಿದೆ ಸಾರ್. ಆಗ್ಲೇ ಮುಖ ಎದ್ದು ಕಾಣೋದು.”

“ಮುಖ ನಮ್ಮ ನೆಂಟ್ರೆಲ್ಲ ನೋಡಿದಾರೆ ಕಣ್ರೀ. ನೋಡ್ದೇ ಇರೋದು ಮನೆ! ಬೇಕಾದ್ರೆ ನಮ್ಮನ್ನ ಬ್ಲರ್ ಮಾಡಿ.”

ಹಲ್ಲು ಕಚ್ಚಿಕೊಂಡು “ತುಂಬಾ ಉಪಕಾರ ಆಯ್ತು” ಅಂದೆ. ಅವರು ನನ್ನನ್ನು ಒಬ್ಬಟ್ಟಿನ ಎಲೆಯ ಮುಂದೆ ಕೂರಿಸಿದರು. ಹೊಟ್ಟೆ ತುಂಬಿದ ಮೇಲೆ ಯೋಚಿಸಿದರೆ, ಅವರು ಹೇಳಿದ್ದೇ ಸರಿ.

೨. ಬಳೆ ಹಾಕಿದ ಕೈ

ಕಲಿತ ಪಾಠ ಮರೆಯಬಾರದಲ್ಲ. ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ಸಾಹೇಬರನ್ನು ಅವರ ಅಂಗಡಿಯಲ್ಲೇ ತೆಗೆಯುವಾಗ ಒಂದು ನೂಲೂ ಬ್ಲರ್ ಆಗದಂತೆ ತೆಗೆದೆ. ಮರುದಿನ ಅವರದೇ ಫೋನ್.

“ಅರೆ ಭಾಯ್, ಏನ್ ಮಾಡ್ಬಿಟ್ರಿ? ನನ್ನ ಭುಜದ ಮೇಲೆ ಬಳೆ ಹಾಕಿರೋ ಕೈ ಯಾರ್ದು ಅಂತ ಮನೇಲಿ ಕೇಳ್ತಿದಾರೆ!”

ಅವರ ಹಿಂದೆ ನಿಲ್ಲಿಸಿದ್ದ, ಸೀರೆ ಉಡಿಸಿದ ಗೊಂಬೆಯ ಕೈ ಅದು.

“ತುಂಬಾ ಉಪಕಾರ ಆಯ್ತು,” ಅಂದೆ.

“ಉಪಕಾರಾನಾ? ಮೊದ್ಲು ಬಂದು ಸಾಕ್ಷಿ ಹೇಳಿ!”

ಸಾಕ್ಷಿ ಸಾಲಲಿಲ್ಲ. ಗೊಂಬೆಯ ಕೈಯನ್ನೇ ಬಿಚ್ಚಿ ಶಿವಾಜಿನಗರದ ಮನೆಗೆ ಒಯ್ದು ತೋರಿಸಿದ ಮೇಲೆಯೇ ಸಾಹೇಬರಿಗೆ ಊಟ ಸಿಕ್ಕಿದ್ದು. ದೊಡ್ಡ ಮನಸ್ಸು ಅವರದು. ಇಷ್ಟಾದರೂ ಅಕ್ಕಪಕ್ಕದ ಅಂಗಡಿಗಳಿಗೆಲ್ಲ ನನ್ನನ್ನೇ ಶಿಫಾರಸು ಮಾಡಿದರು, ಗೊಂಬೆ ನೋಡಿಕೊಂಡು ನಿಂತ್ಕೊಳ್ಳಿ ಅನ್ನುವ ಎಚ್ಚರಿಕೆಯ ಸಮೇತ.

೩. ಕುರ್ಚಿ

ಜೀವನ್ ಬಿಮಾ ನಗರದ ಅಜ್ಜ ಅಜ್ಜಿ ಮದುವೆಯ ಐವತ್ತನೇ ವರ್ಷಕ್ಕೆ ಫೋಟೋ ತೆಗೆಸಲು ಬಂದರು. ಅವರ ಮದುವೆಯ ಫೋಟೋ ತೆಗೆದದ್ದು ನನ್ನಪ್ಪ, ಇದೇ ಸ್ಟುಡಿಯೋದಲ್ಲಿ. ಆಗಿನ ಪದ್ಧತಿಯಂತೆ ಗಂಡ ಕುರ್ಚಿಯಲ್ಲಿ, ಹೆಂಡತಿ ಹಿಂದೆ ನಿಂತು. ಈ ಫೋಟೋ ಒಪ್ಪಿಗೆಯಾದರೆ ಮೊಮ್ಮಗಳ ಮದುವೆಯೂ ನನಗೇ ಅಂದಿದ್ದರು. ಅಂಥದ್ದೊಂದು ಮದುವೆ ಸಿಕ್ಕರೆ ಸ್ಟುಡಿಯೋ ಉಳಿಯುತ್ತಿತ್ತು.

ಕುರ್ಚಿ ಹಾಕಿದೆ. ಅಜ್ಜ ಅಭ್ಯಾಸಬಲದಿಂದ ಕೂತರು.

“ಏಳಿ,” ಅಂದರು ಅಜ್ಜಿ. “ಆವಾಗ ನಾನು ನಿಂತಿದ್ದೆ. ಈಗ ನೀವು ನಿಂತ್ಕೊಳ್ಳಿ.”

ಅಜ್ಜ ಎದ್ದು ಹಿಂದೆ ನಿಂತರು. ನನಗೆ ಗೊಂಬೆಯ ಕೈ ನೆನಪಾಯಿತು. ಯಾಕೆ ಬೇಕು ಗ್ರಹಚಾರ ಅಂತ ಹಿಂದಿನದನ್ನೆಲ್ಲ ಬ್ಲರ್ ಮಾಡಿಬಿಟ್ಟೆ. ದೊಡ್ಡ ಪ್ರಿಂಟ್ ಹಾಕಿಸಿದ ಮೇಲೆಯೇ ಸರಿಯಾಗಿ ನೋಡಿದ್ದು. ಅಜ್ಜಿಯ ಮುಖದ ಒಂದೊಂದು ಸುಕ್ಕೂ ಸ್ಪಷ್ಟ. ಅಜ್ಜ ಮಾತ್ರ ಮಂಜಿನಲ್ಲಿ ದಾರಿ ತಪ್ಪಿದವರಂತಿದ್ದರು. ಅಷ್ಟರಲ್ಲಿ ಇಬ್ಬರೂ ಬಾಗಿಲಲ್ಲಿದ್ದರು. ಅವರು ಬಾಯಿ ತೆರೆಯುವ ಮೊದಲೇ, “ತುಂಬಾ ಉಪಕಾರ ಆಯ್ತು” ಅಂದುಬಿಟ್ಟೆ.

ಅಜ್ಜ ಫೋಟೋ ನೋಡಿದರು. “ನಾನೆಲ್ಲಪ್ಪಾ?”

“ಹಿಂದೆ ನಿಂತೋರ್ನ ಯಾರು ನೋಡ್ತಾರ್ರೀ?” ಅಂದರು ಅಜ್ಜಿ. “ಇಷ್ಟು ವರ್ಷ ನಾನು ಕೇಳಿದ್ನಾ?”

ಅಜ್ಜ ಕನ್ನಡಕ ತೆಗೆದು ಮತ್ತೆ ನೋಡಿದರು. “ಇರ್ಲಿ ಬಿಡೇ. ಹೀಗೆ ನೋಡಿದ್ರೆ ಇಬ್ರೂ ಒಂದೇ ಥರ ಕಾಣ್ತೀವಿ.”

ಅಟ್ಟದಿಂದ ಅಪ್ಪನ ಪರದೆ ಇಳಿಸಿದೆ. ಕುರ್ಚಿ ಎರಡು ಹಾಕಿ, ಪಕ್ಕಪಕ್ಕ ಕೂರಿಸಿ, ಮೆಟ್ಟಿಲು ಹೂಕುಂಡಗಳ ಸಮೇತ ಎಲ್ಲವನ್ನೂ ಸ್ಪಷ್ಟವಾಗಿ ತೆಗೆದೆ. ಅಜ್ಜಿ ನೋಡಿ, “ನಿಮ್ಮಪ್ಪನ ಕೈ ಬಂದಿದೆ. ಮದುವೆಗೂ ನೀನೇ ಬಾ,” ಅಂದರು. ಮೊದಲ ಸಲ ಹಲ್ಲು ಕಚ್ಚದೆ, ಮನಸಾರೆ, “ತುಂಬಾ ಉಪಕಾರ ಆಯ್ತಮ್ಮಾ,” ಅಂದೆ.

“ಉಪಕಾರ ಇರ್ಲಿ,” ಅಜ್ಜಿ ಬ್ಲರ್ ಆದ ಗಂಡನ ಫೋಟೋ ತೋರಿಸಿ ದನಿ ತಗ್ಗಿಸಿದರು. “ಮದ್ವೇಲಿ ಬೀಗಿತ್ತಿನ ಮಾತ್ರ ಹೀಗೇ ತೆಗಿಯಪ್ಪ.”