ಹೊನ್ನಾಳಿಯ ಗರಡಿಯಲ್ಲಿ ಗ್ರೀಸ್ ದೇಶ

ಇತಿಹಾಸ ಪುಸ್ತಕದೊಳಗೆ ಇರುವಷ್ಟು ಹೊತ್ತು ಯಾರಿಗೂ ಕೆಡುಕು ಮಾಡುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ನನ್ನಂಥ ಮೇಷ್ಟ್ರಿಗೆ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಯುದ್ಧದ ಕಾಲ. ಹೊನ್ನಾಳಿಯ ಗರಡಿಮನೆಯಲ್ಲಿ ಹನ್ನೆರಡು ಜನ ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸ ನನಗೆ ಬಿದ್ದಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲವಾದ್ದರಿಂದ ಹೊತ್ತು ಮುಳುಗುವುದರೊಳಗೆ ವಿದ್ಯೆಯನ್ನು ಮುಗಿಸಬೇಕಿತ್ತು. ಶಾಲಾ ಇನ್ಸ್‌ಪೆಕ್ಟರು ಬಂದ ದಿನ ಹನ್ನೆರಡು ಜನವೂ ಸ್ವಂತ ಕೈಯಿಂದ ಬರೆದು ತೋರಿಸಬೇಕು, ಇಲ್ಲವಾದರೆ ನನಗೆ ಜಗಳೂರಿಗೆ ವರ್ಗ ಎಂದು ಮೊದಲೇ ತಿಳಿಸಿದ್ದರು. ಜಗಳೂರಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಹೊನ್ನಾಳಿಯಲ್ಲಿ ಹೊಳೆ ಇತ್ತು, ಹೆಂಡತಿಯ ತವರು ಹತ್ತಿರದ ನ್ಯಾಮತಿಯಲ್ಲಿತ್ತು, ಅತ್ತೆ ವಾರಕ್ಕೊಮ್ಮೆ ರೊಟ್ಟಿಬುತ್ತಿ ಕಳಿಸುತ್ತಿದ್ದರು.

ಬರೀ ಅ ಆ ಇ ಈ ತಿದ್ದಿಸಿದರೆ ಜನ ಆಕಳಿಸುತ್ತಿದ್ದರು. ಹಳೆಯ ಗ್ರೀಸಿನ ಕಥೆ ಹೇಳಿದರೆ ಮಾತ್ರ ಸ್ಲೇಟು ಮುಟ್ಟುತ್ತಿದ್ದರು. ಹೇಳಿದೆ.

೧. ಸ್ಪಾರ್ಟಾದ ಊಟ

ಸ್ಪಾರ್ಟಾ ಎಂಬ ಊರಿನಲ್ಲಿ ಗಂಡುಮಕ್ಕಳನ್ನು ಏಳನೇ ವರ್ಷಕ್ಕೇ ತಾಯಿಯಿಂದ ಬಿಡಿಸಿ, ಅರೆಹೊಟ್ಟೆ ಊಟ ಕೊಟ್ಟು, ಜೊಂಡಿನ ಮೇಲೆ ಮಲಗಿಸಿ ಸಿಪಾಯಿ ಮಾಡುತ್ತಿದ್ದರು ಎಂದೆ. ಕುಸ್ತಿ ಕಲಿಸುವ ವಸ್ತಾದರು ಕೈಯೆತ್ತಿದರು.

“ಬಾದಾಮಿ ಹಾಲು?”

“ಇಲ್ಲ.”

“ತುಪ್ಪ?”

“ಅದೂ ಇಲ್ಲ.”

“ಆ ರಾಜ್ಯ ಈಗ ಹೆಂಗೈತ್ರಿ?”

“ಬಿದ್ದುಹೋಗಿ ಎರಡು ಸಾವಿರ ವರ್ಷ ಆಯಿತು.”

“ಮತ್ತೆ?” ಎಂದು ವಸ್ತಾದರು ಸ್ಲೇಟು ಕೈಗೆತ್ತಿಕೊಂಡರು. ಬೀಳುವ ತನಕವಾದರೂ ಅದು ನಿಂತದ್ದೇ ಹೇಗೆ ಎಂಬುದೊಂದೇ ಅವರಿಗೆ ಅರ್ಥವಾಗದೆ ಉಳಿದದ್ದು.

೨. ಗುರಾಣಿಯ ಸಾಲು

ಗ್ರೀಕ್ ಸಿಪಾಯಿಗಳು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಿದ್ದರು. ಎಡಗೈಯ ಗುರಾಣಿ ಅರ್ಧ ತನ್ನನ್ನು, ಅರ್ಧ ಎಡಗಡೆಯವನನ್ನು ಕಾಯುತ್ತಿತ್ತು. ಅರ್ಥವಾಗಲೆಂದು ಎಲ್ಲರ ಕೈಗೂ ಮೊರ ಕೊಟ್ಟು ಸಾಲಾಗಿ ನಿಲ್ಲಿಸಿದೆ, ಮುಂದೆ ನಡೆಯಿರಿ ಎಂದೆ. ಯಾರೂ ಮುಂದೆ ನಡೆಯಲಿಲ್ಲ. ಪ್ರತಿಯೊಬ್ಬರೂ ಬಲಗಡೆಯವರ ಮೊರದ ಮರೆಗೆ ಸರಿದರು. ಬಲತುದಿಯಲ್ಲಿದ್ದ ದರ್ಜಿ ಸಾಬರಿಗೆ ಮರೆಯೇ ಇರಲಿಲ್ಲ. ಅವರು ತಳ್ಳಿಸಿಕೊಂಡು ಬಾಗಿಲು ದಾಟಿ ಬೀದಿಗೆ, ತಮ್ಮ ಮನೆಯ ಎದುರಿಗೇ ಬಿದ್ದರು.

“ಒಳಗೆ ಬನ್ನಿ ಸಾಬರೆ” ಎಂದೆ.

“ವಾಪಸ್ ಬರಾಕೆ ಆಗಾಕಿಲ್ಲ ಸರ. ಯುದ್ಧ ನನ್ನ ಮನಿ ತನಕ ಬಂದೈತೆ” ಎಂದು ಅವರು ಊಟಕ್ಕೆ ಹೋದರು. ಗುರಾಣಿಯನ್ನು ಮಾರನೆಯ ದಿನ ಅವರ ಹೆಂಡತಿ ಕಳಿಸಿಕೊಟ್ಟರು, ಅಕ್ಕಿ ಕೇರಿದ ಮೇಲೆ.

೩. ಅಥೆನ್ಸಿನ ಮಡಕೆ ಚೂರು

ಇನ್ಸ್‌ಪೆಕ್ಟರು ಬಂದೇ ಬಂದರು. ನಾನು ತಯಾರಾಗಿದ್ದೆ. ಅಥೆನ್ಸಿನಲ್ಲಿ, ಊರಿಗೆ ಯಾರು ಬೇಡವೋ ಅವರ ಹೆಸರನ್ನು ಜನ ಮಡಕೆ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕಿತ್ತು ಎಂದು ವಿವರಿಸಿ, ಎಲ್ಲರಿಗೂ ಒಂದೊಂದು ಚೂರು, ಒಂದೊಂದು ಮೊಳೆ ಹಂಚಿದೆ. ಬರವಣಿಗೆಯ ಪರೀಕ್ಷೆಯೂ ಆಯಿತು, ಇತಿಹಾಸವೂ ಆಯಿತು.

ಹನ್ನೆರಡು ಜನವೂ ಬರೆದರು. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಇನ್ಸ್‌ಪೆಕ್ಟರು ಒಂದೊಂದೇ ಚೂರು ಎತ್ತಿ ಗಟ್ಟಿಯಾಗಿ ಓದಿದರು. ಹನ್ನೆರಡರಲ್ಲೂ ನನ್ನ ಹೆಸರಿತ್ತು.

“ಸಿಟ್ಟಾಗಬ್ಯಾಡ್ರಿ ಸರ” ಎಂದರು ಗಾಡಿ ಹೊಡೆಯುವ ಮುದುಕರು. “ಪಟೇಲರ ಹೆಸರು ಬರೆದ್ರೆ ನಾಳೆ ಅವರ ಮನಿ ಮುಂದೇ ಗಾಡಿ ಹೊಡೀಬೇಕು.”

“ರೇಷನ್ ಡಿಪೋದವರದು ಬರೆದ್ರೆ ಸಕ್ಕರೆ ಸಿಗಾಕಿಲ್ಲ” ಎಂದರು ದರ್ಜಿ ಸಾಬರು.

“ನೀವಾದ್ರೆ ಪರ ಊರಿನವರು, ಒಳ್ಳೇವ್ರು” ಎಂದರು ವಸ್ತಾದರು. “ನಿಮ್ಮಿಂದ ಯಾರಿಗೂ ಏನೂ ಆಗಬೇಕಾಗಿಲ್ಲ.”

ಇನ್ಸ್‌ಪೆಕ್ಟರು ನಗಲಿಲ್ಲ. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನನ್ನ ಕೈ ಕುಲುಕಿದರು.

“ಓದು ಬರಹ ಬಂದಿದೆ. ರಾಜಕೀಯ ಅದಕ್ಕಿಂತ ಚೆನ್ನಾಗಿ ಬಂದಿದೆ. ಇವರಿಗೆ ಇನ್ನು ಕಲಿಸಲು ಏನೂ ಉಳಿದಿಲ್ಲ. ನೀವು ಜಗಳೂರಿಗೆ ಹೊರಡಿ.”

“ಬರೆಯದಿದ್ದರೆ ತಾನೇ ಸ್ವಾಮಿ, ಜಗಳೂರು?” ಎಂದೆ.

“ಹಾಗೆಂದಿದ್ದೆ. ಆದರೆ ಫೇಲಾದ ಮೇಷ್ಟ್ರನ್ನು ಕಟ್ಟಿಕೊಂಡು ಜಗಳೂರಿನವರು ಏನು ಮಾಡುತ್ತಾರೆ ಹೇಳಿ.”